ಅವರೆಕಾಳಿನ ಪ್ರೋಟೀನನ್ನು ಅಳೆದ ವಿಜ್ಞಾನಿ: ಡಾ. ಕಮಲಾ ಸೊಹೋನಿ

ಕೆಂಗೇರಿ ಹೋಬಳಿಯಲ್ಲಿ ಬಡಾವಣೆಗಳ ನಡುವೆ ಉಳಿದಿರುವ ಹೊಲಗಳಲ್ಲಿ ರಾಗಿಯೊಡನೆ ಅಕ್ಕಡಿಯಾಗಿ ಅವರೆ ಬಿತ್ತುವ ನಿಮಗೆ ಒಂದು ಸಂಗತಿ ತಿಳಿದೇ ಇದೆ. ಒಣ ಅವರೆಕಾಳನ್ನು ಹಸಿಯಾಗಿ ಯಾರೂ ತಿನ್ನುವುದಿಲ್ಲ. ಎತ್ತಿಗೂ ಹುರುಳಿಯನ್ನು ಬೇಯಿಸಿಯೇ ಇಡುವುದು ಹಿರಿಯರ ವಾಡಿಕೆ. ಈ ವಾಡಿಕೆಯ ಹಿಂದಿನ ಕಾರಣವನ್ನು ಪ್ರಯೋಗಾಲಯದಲ್ಲಿ ಅಳೆದು ನೋಡಿದವರಲ್ಲಿ ಡಾ. ಕಮಲಾ ಸೊಹೋನಿ ಪ್ರಮುಖರು. ಅವರ ಸಂಶೋಧನೆ ಆರಂಭವಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ.

ಇಂದೋರಿನಲ್ಲಿ ಜನಿಸಿದ ಅವರ ತವರಿನ ಹೆಸರು ಕಮಲಾ ಭಾಗವತ್. ತಂದೆ, ಚಿಕ್ಕಪ್ಪ ಇಬ್ಬರೂ ರಸಾಯನಶಾಸ್ತ್ರಜ್ಞರು. ಮುಂಬಯಿ ವಿಶ್ವವಿದ್ಯಾಲಯದ ಪದವಿ ಪಡೆದು 1933ರಲ್ಲಿ ಅರ್ಜಿ ಸಲ್ಲಿಸಿದಾಗ, ಹೆಣ್ಣೆಂಬ ಕಾರಣಕ್ಕೆ ಸಂಸ್ಥೆಯ ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ ಪ್ರವೇಶ ನಿರಾಕರಿಸಿದರು. ಅವರು ಹಿಂದಿರುಗಲಿಲ್ಲ; ನೇರವಾಗಿ ಹೋಗಿ ಪ್ರತಿಭಟಿಸಿದರು. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ, ಕಠಿಣ ಷರತ್ತುಗಳೊಡನೆ ಪ್ರವೇಶ ದೊರೆಯಿತು. ಕೆಲಸದಿಂದ ತೃಪ್ತರಾದ ರಾಮನ್ ಆನಂತರ ಮಹಿಳೆಯರಿಗೂ ಸಂಸ್ಥೆಯ ಬಾಗಿಲು ತೆರೆದರು. ಆದರೂ ಆ ಅವಮಾನವನ್ನು ಕಮಲಾ ಕೊನೆಯವರೆಗೂ ಮರೆಯಲಿಲ್ಲ. ಮರೆಯಬೇಕಾದ ಕಾರಣವೂ ಇರಲಿಲ್ಲ.

ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಅವರು ಹಾಲು ಮತ್ತು ದ್ವಿದಳ ಧಾನ್ಯಗಳ ಪ್ರೋಟೀನುಗಳನ್ನು ಅಧ್ಯಯನ ಮಾಡಿದರು. ಪ್ರೋಟೀನನ್ನು ಅಳೆಯುವ ಹಳೆಯ ವಿಧಾನ ಡೆನ್ಮಾರ್ಕಿನ ಕೆಲ್ಡಾಲ್ 1883ರಲ್ಲಿ ರೂಪಿಸಿದ್ದು. ಮಾದರಿಯನ್ನು ಗಂಧಕಾಮ್ಲದಲ್ಲಿ ಕುದಿಸಿ, ಅದರಲ್ಲಿನ ಸಾರಜನಕವನ್ನು ಅಮೋನಿಯ ರೂಪದಲ್ಲಿ ಅಳೆದು, ಸಾಮಾನ್ಯವಾಗಿ 6.25ರಿಂದ ಗುಣಿಸುತ್ತಾರೆ. ನಿಮ್ಮ ಪಶು ಆಹಾರದ ಚೀಲದ ಮೇಲಿರುವ ಕಚ್ಚಾ ಪ್ರೋಟೀನಿನ ಅಂಕಿ ಈ ಲೆಕ್ಕದಿಂದಲೇ ಬರುತ್ತದೆ. ಆದರೆ ಸಾರಜನಕವೆಲ್ಲವೂ ಪ್ರೋಟೀನಲ್ಲ. ಯೂರಿಯಾ ಬೆರೆತರೂ ಅಂಕಿ ಏರುತ್ತದೆ ಎಂಬುದನ್ನು ವಿಸ್ತರಣಾ ಕಾರ್ಯಕರ್ತರು ನೆನಪಿನಲ್ಲಿಡಬೇಕು.

1936ರಲ್ಲಿ ಎಂ.ಎಸ್ಸಿ. ಪದವಿ ಮುಗಿಸಿ ಅವರು ಕೇಂಬ್ರಿಜ್‌ಗೆ ತೆರಳಿದರು. ಆಲೂಗಡ್ಡೆಯ ಮೇಲೆ ಕೆಲಸ ಮಾಡುತ್ತ, ಸಸ್ಯಕೋಶಗಳ ಉಸಿರಾಟದಲ್ಲಿ ಸೈಟೋಕ್ರೋಮ್ ಸಿ ಎಂಬ ವಸ್ತುವಿನ ಪಾತ್ರವನ್ನು ತೋರಿಸಿ 1939ರಲ್ಲಿ ಡಾಕ್ಟರೇಟ್ ಪಡೆದರು. ತಾಯ್ನಾಡಿಗೆ ಮರಳಿ ದೆಹಲಿ, ಕೂನೂರುಗಳಲ್ಲಿ ಸೇವೆ ಸಲ್ಲಿಸಿದರು. 1947ರಲ್ಲಿ ವಿವಾಹವಾಗಿ ಮುಂಬಯಿಯಲ್ಲಿ ನೆಲೆಸಿ, ಅಲ್ಲಿನ ರಾಯಲ್ ಇನ್ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಜೀವರಸಾಯನ ಬೋಧಿಸಿದರು.

ನಮ್ಮ ಹೊಲಕ್ಕೆ ಹತ್ತಿರವಾದ ಕೆಲಸ ನಡೆದದ್ದು ಅಲ್ಲಿ. ಟ್ರಿಪ್ಸಿನ್ ಎಂಬುದು ಕರುಳಿನಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವ. ಅದನ್ನು ಹಾಲಿನ ಕೇಸೀನಿನೊಡನೆ ಬೆರೆಸಿದರೆ ಕೇಸೀನ್ ಒಡೆಯುತ್ತ ಹೋಗುತ್ತದೆ. ಎಷ್ಟು ಒಡೆಯಿತೆಂಬುದನ್ನು ಅಳೆಯಬಹುದು. ಅದೇ ಮಿಶ್ರಣಕ್ಕೆ ಹಸಿ ಅವರೆಯ ಸಾರ ಸೇರಿಸಿದರೆ ಒಡೆಯುವಿಕೆ ಕುಗ್ಗುತ್ತದೆ. ಕುಗ್ಗಿದ ಪ್ರಮಾಣವೇ ಕಾಳಿನಲ್ಲಿರುವ ತಡೆವಸ್ತುವಿನ ಅಳತೆ. ಸೊಹೋನಿ ಮತ್ತು ಅವರ ಸಹೋದ್ಯೋಗಿಗಳು ಅವರೆಯಿಂದ ಈ ತಡೆವಸ್ತುವನ್ನು ಹರಳಾಗಿ ಬೇರ್ಪಡಿಸಿ 1955ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಚೀಲದ ಅಂಕಿಯಲ್ಲಿ ಪ್ರೋಟೀನ್ ಹೆಚ್ಚಿದ್ದರೂ, ತಡೆವಸ್ತು ಉಳಿದಿದ್ದರೆ ಅದರ ಒಂದು ಭಾಗ ದೇಹಕ್ಕೆ ದಕ್ಕದೇ ಹೋಗುತ್ತದೆ. ಕಾಳನ್ನು ನೆನೆಸಿ ಚೆನ್ನಾಗಿ ಬೇಯಿಸಿದಾಗ ತಡೆವಸ್ತುವಿನ ಬಹುಪಾಲು ಶಕ್ತಿ ಅಳಿಯುತ್ತದೆ.

ಹೊಟ್ಟೆಯ ಸೂಕ್ಷ್ಮಾಣುಗಳು ಈ ತಡೆವಸ್ತುವನ್ನು ಬಹುಮಟ್ಟಿಗೆ ಒಡೆಯುವುದರಿಂದ ಬೆಳೆದ ದನಗಳಿಗೆ ಅದರ ಬಾಧೆ ಕಡಿಮೆ. ಕೋಳಿ, ಹಂದಿ ಮತ್ತು ಎಳೆಗರುಗಳಿಗೆ ಆ ರಕ್ಷಣೆಯಿಲ್ಲ. ಆದ್ದರಿಂದ ಮನೆಯಲ್ಲೇ ಆಹಾರ ಮಿಶ್ರಣ ತಯಾರಿಸುವವರು ಇವುಗಳಿಗೆ ಹಸಿ ಅವರೆಯ ನುಚ್ಚನ್ನಾಗಲಿ ಹುರುಳಿ ಹಿಟ್ಟನ್ನಾಗಲಿ ಹಾಗೆಯೇ ಬೆರೆಸಬಾರದು.

ಮುಂಬಯಿಯಲ್ಲಿದ್ದಾಗಲೇ ಸೊಹೋನಿಯವರು ನೀರಾ ಹಾಗೂ ತಾಳೆಬೆಲ್ಲದ ಪೋಷಕಾಂಶಗಳನ್ನೂ ಪರೀಕ್ಷಿಸಿದರು. ನೀರಾ ಕುರಿತ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ಸಂದಿತು. ಮುಂಬಯಿಯ ಆರೆ ಹಾಲಿನ ಯೋಜನೆಗೂ ಅವರ ಸಲಹೆ ದೊರೆತಿತ್ತು. ತಾವು ಬೋಧಿಸಿದ ಸಂಸ್ಥೆಯ ನಿರ್ದೇಶಕ ಸ್ಥಾನ ಅವರಿಗೆ ತಡವಾಗಿಯೇ ಬಂತು. ದೆಹಲಿಯಲ್ಲಿ ತಮಗಾಗಿ ಏರ್ಪಟ್ಟಿದ್ದ ಸನ್ಮಾನ ಸಮಾರಂಭದಲ್ಲಿ ಕುಸಿದುಬಿದ್ದ ಅವರು 1998ರಲ್ಲಿ ನಿಧನರಾದರು.