ಮಂಜುಗಡ್ಡೆಯ ಕೈಗೆ ಹಡಗು ಕೊಟ್ಟ ನಾನ್ಸೆನ್

ಧ್ರುವಯಾತ್ರೆ ಅಂದ ಕೂಡಲೇ ನಮಗೆ ನೆನಪಾಗೋದು ಅಮುಂಡ್ಸೆನ್ ಮತ್ತು ಸ್ಕಾಟ್. ಅವರಿಗಿಂತ ಮೊದಲೇ ಮಂಜಿನೊಳಗೆ ಹೊಕ್ಕು, ಜೊತೆಗಾರರಲ್ಲಿ ಒಬ್ಬನನ್ನೂ ಕಳೆದುಕೊಳ್ಳದೆ ವಾಪಸ್ ಬಂದವನು ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್. ಎಂಜಿನಿಯರಿಂಗ್ ಓದೋ ನಾವು ಇವನನ್ನು ತಿಳಿದಿರಲೇಬೇಕು. ಯಾಕಂದ್ರೆ ಇವನ ಸಾಹಸದ ಅರ್ಧ ಭಾಗ ನಡೆದದ್ದು ಹಡಗಿನ ನಕ್ಷೆಯ ಮೇಲೆ.

ಹುಟ್ಟಿದ್ದು 1861ರಲ್ಲಿ, ಈಗಿನ ಓಸ್ಲೋ ಹತ್ತಿರ. ಓದಿದ್ದು ಪ್ರಾಣಿಶಾಸ್ತ್ರ, ಡಾಕ್ಟರೇಟ್ ನರಮಂಡಲದ ಬಗ್ಗೆ. 1888ರಲ್ಲಿ ಐವರ ಜೊತೆ ಸ್ಕೀ ಕಟ್ಟಿಕೊಂಡು ಗ್ರೀನ್‌ಲ್ಯಾಂಡ್ ದಾಟಿದ. ಜನವಸತಿ ಇದ್ದದ್ದು ಪಶ್ಚಿಮ ತೀರದಲ್ಲಿ. ಇವನು ಹೊರಟದ್ದು ಮನುಷ್ಯರೇ ಅಪರೂಪವಾದ ಪೂರ್ವ ತೀರದಿಂದ. ಹಿಂದೆ ತಿರುಗಿದರೆ ಊಟವಿಲ್ಲ, ಆಸರೆಯಿಲ್ಲ, ಮುಂದಕ್ಕೆ ಹೋಗಲೇಬೇಕು. ಇದು ಧೈರ್ಯವೋ ಮೊಂಡುತನವೋ ಅಂತ ನಮ್ಮಲ್ಲೇ ವಾದ ಆಯ್ತು, ಇನ್ನೂ ಮುಗಿದಿಲ್ಲ.

ಅಸಲಿ ಕಥೆ ಶುರುವಾಗೋದು ಒಂದು ಚಡ್ಡಿಯಿಂದ. 1881ರಲ್ಲಿ ಜನೆಟ್ ಎಂಬ ಅಮೆರಿಕದ ಹಡಗು ಸೈಬೀರಿಯದ ಉತ್ತರಕ್ಕೆ ಮಂಜಿಗೆ ಸಿಕ್ಕಿ ನುಚ್ಚಾಯಿತು. ಮೂರು ವರ್ಷದ ಮೇಲೆ ಅದರ ಸಾಮಾನುಗಳು, ನಾವಿಕನೊಬ್ಬನ ಹೆಸರಿದ್ದ ಚಡ್ಡಿಯೂ ಸೇರಿ, ಗ್ರೀನ್‌ಲ್ಯಾಂಡಿನ ನೈಋತ್ಯ ತೀರದಲ್ಲಿ ಸಿಕ್ಕವು. ಅಂದ್ರೆ ಆರ್ಕ್ಟಿಕ್ ಸಾಗರದ ಮಂಜು ಪೂರ್ವದಿಂದ ಪಶ್ಚಿಮಕ್ಕೆ ತೇಲಿ ಬರುತ್ತಿದೆ. ಹಾಗಾದ್ರೆ ಹಡಗನ್ನು ಬೇಕಂತಲೇ ಮಂಜಿನಲ್ಲಿ ಸಿಕ್ಕಿಸಿ ಧ್ರುವದ ಕಡೆ ತೇಲಿಹೋಗಬಾರದೇಕೆ? ಇದು ನಾನ್ಸೆನ್‌ನ ಪ್ರಶ್ನೆ. ಧ್ರುವಯಾತ್ರೆಯಲ್ಲಿ ಪಳಗಿದ ಹಿರಿಯರು ಬಹುಪಾಲು ಇದನ್ನು ಹುಚ್ಚು ಅಂದರು. ಅವರ ಮಾತಲ್ಲಿ ನ್ಯಾಯವೂ ಇತ್ತು, ಮಂಜಿನ ಒತ್ತಡಕ್ಕೆ ಹಡಗುಗಳು ಒಡೆಯುವುದನ್ನು ಅವರು ಬಲ್ಲವರು.

ಕಾಲಿನ್ ಆರ್ಚರ್ ಕಟ್ಟಿದ ಫ್ರಾಮ್ ಹಡಗು ಅದಕ್ಕೆ ಉತ್ತರ. ಉದ್ದ ಸುಮಾರು 39 ಮೀಟರ್, ಅಗಲ 11 ಮೀಟರ್, ಗೋಡೆಯ ದಪ್ಪ 60 ಸೆಂಟಿಮೀಟರಿಗೂ ಹೆಚ್ಚು. ತಳ ದುಂಡಗೆ, ನುಣ್ಣಗೆ. ಹಸಿ ಹಲಸಿನ ಬೀಜವನ್ನು ಎರಡು ಬೆರಳ ನಡುವೆ ಒತ್ತಿದರೆ ಮೇಲಕ್ಕೆ ಜಾರುತ್ತಲ್ಲ, ಹಾಗೆ ಮಂಜು ಅದುಮಿದಷ್ಟೂ ಹಡಗು ಮೇಲೇಳಬೇಕು. ಚುಕ್ಕಾಣಿ, ಪ್ರೊಪೆಲ್ಲರ್ ಎರಡನ್ನೂ ಮೇಲಕ್ಕೆ ಎಳೆದುಕೊಳ್ಳಬಹುದು. ವಿದ್ಯುತ್ ದೀಪಕ್ಕೆ ಗಾಳಿಗಿರಣಿ ಬೇರೆ. ತೆರೆದ ಸಮುದ್ರದಲ್ಲಿ ಮಾತ್ರ ಈ ದುಂಡು ಹಡಗು ಹೊಟ್ಟೆ ತೊಳಸುವಷ್ಟು ಓಲಾಡುತ್ತಿತ್ತು.

1893ರ ಜೂನ್‌ನಲ್ಲಿ 13 ಜನ ಹೊರಟು, ಸೆಪ್ಟೆಂಬರಿನಲ್ಲಿ ಮಂಜಿಗೆ ಸಿಕ್ಕಿಕೊಂಡರು. ಹಡಗು ಒಡೆಯಲಿಲ್ಲ. ಆದರೆ ತೇಲುವ ವೇಗ ತೀರಾ ಕಡಿಮೆ, ಕೆಲವೊಮ್ಮೆ ಹಿಂದಕ್ಕೇ ಹೋಗುತ್ತಿತ್ತು. ಹೊತ್ತು ಕಳೆಯಲು ಅಳತೆಗಳಂತೂ ಇದ್ದವು. ಆರ್ಕ್ಟಿಕ್ ಆಳವಿಲ್ಲದ ಸಮುದ್ರ ಅಂತ ನಂಬಿ ಬಂದಿದ್ದರಿಂದ ಆಳ ನೋಡುವ ತಂತಿ ಸಾಲಲಿಲ್ಲ; ಹಡಗಿನ ಉಕ್ಕಿನ ಹಗ್ಗವನ್ನೇ ಬಿಚ್ಚಿ ಹೊಸ ತಂತಿ ಹೊಸೆದರು. ಆಳ 3000 ಮೀಟರ್ ದಾಟಿತ್ತು! ಮಂಜು ಗಾಳಿಯ ದಿಕ್ಕಿಗೆ ನೇರ ಹೋಗದೆ ಬಲಕ್ಕೆ ವಾಲಿ ಚಲಿಸುವುದನ್ನೂ ನಾನ್ಸೆನ್ ಗುರುತಿಸಿದ. ಭೂಮಿಯ ತಿರುಗುವಿಕೆ ಕಾರಣ ಅಂತ ಊಹಿಸಿದ. ಅದಕ್ಕೆ ಗಣಿತ ಕೊಟ್ಟವನು ಸ್ವೀಡನ್ನಿನ ಎಕ್ಮನ್. ನಮ್ಮ ಪಶ್ಚಿಮ ಕರಾವಳಿಯಲ್ಲಿ ಮಳೆಗಾಲಕ್ಕೆ ಆಳದ ತಣ್ಣೀರು ಮೇಲೇರುವುದನ್ನು ವಿವರಿಸಲು ಇಂದಿಗೂ ಆ ಲೆಕ್ಕ ಬೇಕು.

ಹಡಗು ಧ್ರುವ ಮುಟ್ಟೋದಿಲ್ಲ ಅಂತ ಖಾತ್ರಿಯಾದಾಗ, 1895ರ ಮಾರ್ಚ್‌ನಲ್ಲಿ ಹಡಗನ್ನು ಸ್ವೆರ್ಡ್ರುಪ್ ಕೈಗೆ ಒಪ್ಪಿಸಿ, ಯೊಹಾನ್ಸೆನ್ ಜೊತೆ 28 ನಾಯಿಗಳನ್ನು ಕಟ್ಟಿಕೊಂಡು ನಾನ್ಸೆನ್ ನಡೆದೇ ಹೊರಟ. ತೇಲುವ ಹಡಗನ್ನು ಮತ್ತೆ ಹುಡುಕುವುದು ಅಸಾಧ್ಯ ಅಂತ ಇಬ್ಬರಿಗೂ ಗೊತ್ತಿತ್ತು. ಏಪ್ರಿಲ್ 8ಕ್ಕೆ 86 ಡಿಗ್ರಿ 14 ಮಿನಿಟ್ ಉತ್ತರ, ಅಲ್ಲಿಯವರೆಗೆ ಯಾರೂ ಹೋಗದ ಜಾಗ. ಧ್ರುವ ಇನ್ನೂ 400 ಕಿಲೋಮೀಟರಿಗೂ ಮಿಕ್ಕಿ ದೂರ. ಆಹಾರದ ಲೆಕ್ಕ ಹಾಕಿ ಅಲ್ಲಿಂದಲೇ ತಿರುಗಿದ. ನಮ್ಮ ಮಟ್ಟಿಗೆ ಇಡೀ ಯಾತ್ರೆಯ ದೊಡ್ಡ ತೀರ್ಮಾನ ಇದೇ.

ಕೆಲವೇ ದಿನದಲ್ಲಿ ಇಬ್ಬರ ಗಡಿಯಾರಗಳೂ ಕೀಲಿ ಕೊಡದೆ ನಿಂತುಹೋದವು. ನಾಲ್ಕು ನಿಮಿಷ ತಪ್ಪಿದರೆ ರೇಖಾಂಶ ಒಂದು ಡಿಗ್ರಿ ತಪ್ಪುತ್ತದೆ. ಎಲ್ಲಿದ್ದೇವೆ ಅನ್ನೋದೇ ಸಂಶಯವಾಯಿತು. ನಾಯಿಗಳನ್ನು ಒಂದೊಂದಾಗಿ ಕೊಂದು ಉಳಿದವಕ್ಕೆ ಹಾಕಿದರು. ಫ್ರಾಂಜ್ ಜೋಸೆಫ್ ದ್ವೀಪಗಳಲ್ಲಿ ಕಲ್ಲು, ವಾಲ್ರಸ್ ಚರ್ಮದ ಗೂಡು ಕಟ್ಟಿ, ಕರಡಿ ಮಾಂಸ ತಿಂದು ಚಳಿಗಾಲ ಕಳೆದರು. ಒಂದೇ ಚೀಲದಲ್ಲಿ ಮಲಗುತ್ತಿದ್ದ ಈ ಇಬ್ಬರು ಹೊಸ ವರ್ಷದವರೆಗೂ ಒಬ್ಬರಿಗೊಬ್ಬರು 'ನೀವು' ಅನ್ನುತ್ತಿದ್ದರಂತೆ! 1896ರ ಜೂನ್‌ನಲ್ಲಿ ಇಂಗ್ಲಿಷ್ ಅನ್ವೇಷಕ ಜಾಕ್ಸನ್ ಆಕಸ್ಮಿಕವಾಗಿ ಎದುರಾಗಿ ಇವರನ್ನು ಉಳಿಸಿದ. ಆಗಸ್ಟಿನಲ್ಲಿ ಫ್ರಾಮ್ ಕೂಡ ಮಂಜಿನಿಂದ ಬಿಡಿಸಿಕೊಂಡು, ಎಲ್ಲರನ್ನೂ ಹೊತ್ತು ನಾರ್ವೆಗೆ ಬಂತು. ಯೊಹಾನ್ಸೆನ್‌ಗೆ ಮಾತ್ರ ಊರಿನ ಬದುಕು ಒಗ್ಗಲಿಲ್ಲ. ಕುಡಿತ, ಸಾಲ, ಕೊನೆಗೆ 1913ರಲ್ಲಿ ಆತ್ಮಹತ್ಯೆ. ನಾನ್ಸೆನ್ ಹೆಸರಿನ ಜೊತೆ ಅವನ ಹೆಸರನ್ನೂ ಹೇಳದೆ ಬಿಡಬಾರದು ಅಂತ ನಮಗನ್ನಿಸುತ್ತೆ.

ಮೊದಲ ಮಹಾಯುದ್ಧ ಮುಗಿದಾಗ ಲಕ್ಷಾಂತರ ಸೆರೆಯಾಳುಗಳು ದೂರದೇಶಗಳಲ್ಲಿ ಉಳಿದಿದ್ದರು. ರಾಷ್ಟ್ರಸಂಘದ ಪರವಾಗಿ ನಾನ್ಸೆನ್ ನಾಲ್ಕು ಲಕ್ಷಕ್ಕೂ ಹೆಚ್ಚು ಜನರನ್ನು ಮನೆ ಸೇರಿಸಿದ. 1921ರಲ್ಲಿ ರಷ್ಯಾದ ಬರಗಾಲಕ್ಕೆ ಹಣ ಕೇಳಿದಾಗ ಅದೇ ಸಂಘದ ಸರ್ಕಾರಗಳು ಕೈಚೆಲ್ಲಿದವು. ಅವನು ಊರೂರು ತಿರುಗಿ ದೇಣಿಗೆ ಎತ್ತಿದ. ಯಾವ ದೇಶವೂ ತನ್ನವರು ಅನ್ನದ ನಿರಾಶ್ರಿತರಿಗಾಗಿ 1922ರಲ್ಲಿ ನಾನ್ಸೆನ್ ಪಾಸ್‌ಪೋರ್ಟ್ ಬಂತು. ಚಿತ್ರಕಾರ ಶಗಾಲ್, ಸಂಗೀತಗಾರ ಸ್ಟ್ರಾವಿನ್ಸ್ಕಿ ಗಡಿ ದಾಟಿದ್ದು ಅದೇ ಕಾಗದ ಹಿಡಿದು. ಅದೇ ವರ್ಷ ನೊಬೆಲ್ ಶಾಂತಿ ಪ್ರಶಸ್ತಿ. 1930ರ ಮೇ 13ರಂದು ಮನೆಯಲ್ಲೇ ತೀರಿಕೊಂಡ. ನಾರ್ವೆಯ ರಾಷ್ಟ್ರೀಯ ದಿನವಾದ ಮೇ 17ರಂದು ಅಂತ್ಯಕ್ರಿಯೆ ನಡೆಯಿತು. ಫ್ರಾಮ್ ಈಗಲೂ ಓಸ್ಲೋದ ವಸ್ತುಸಂಗ್ರಹಾಲಯದಲ್ಲಿದೆ, ಒಳಗೆ ಹತ್ತಿ ನೋಡಬಹುದು.