ಬಟ್ಟೆಯ ಬೆಲೆ ಅರಿತ ಗಾಂಧೀಜಿ

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಈ ಗಾದೆಯನ್ನು ತನ್ನ ಮೇಲೆ ಹೇಳಿಕೊಳ್ಳುವವರು ಅಪರೂಪ. ಅದು ಯಾವಾಗಲೂ ಪಕ್ಕದ ಮನೆಯವರಿಗೇ ಸಲ್ಲುತ್ತದೆ. ಕೂಲಿ ಮಾಡುವವರ ಮಗಳ ಕೈಯಲ್ಲಿ ಒಳ್ಳೆಯ ಮೊಬೈಲ್ ಕಂಡರೆ, ಸಾಲದಲ್ಲಿರುವ ಕುಟುಂಬವೊಂದು ಮಗುವಿನ ಪ್ರಥಮ ಪರಮಪ್ರಸಾದಕ್ಕೆ ಬೆಲೆಬಾಳುವ ಬಿಳಿ ಉಡುಪು ಹೊಲಿಸಿದರೆ, ಬಲಿಪೂಜೆ ಮುಗಿದು ದೇವಾಲಯದ ಅಂಗಳಕ್ಕೆ ಬರುವಷ್ಟರಲ್ಲೇ ನಮ್ಮ ಲೆಕ್ಕಾಚಾರ ಶುರುವಾಗಿರುತ್ತದೆ. ಇವರಿಗೆ ಇದೆಲ್ಲ ಬೇಕಿತ್ತೇ ಎಂದು ಒಬ್ಬರು ಕೇಳಿದರೆ ಇನ್ನೊಬ್ಬರು ತಲೆಯಾಡಿಸುತ್ತಾರೆ.

ಹೀಗೆ ಮತ್ತೊಬ್ಬರ ಖರೀದಿಯನ್ನು ತೂಗಿ ನೋಡುವ ಮುನ್ನ ಮಹಾತ್ಮ ಗಾಂಧೀಜಿಯವರ ಬದುಕನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಅವರು ಯಾವ ಕಾಲದಲ್ಲಿ ಯಾವ ಬಟ್ಟೆ ತೊಟ್ಟರು, ಏಕೆ ತೊಟ್ಟರು ಎಂಬುದರಲ್ಲೇ ನಮಗೊಂದು ಪಾಠವಿದೆ.

1869ರ ಅಕ್ಟೋಬರ್ 2ರಂದು ಪೋರಬಂದರಿನ ದಿವಾನರ ಮನೆಯಲ್ಲಿ ಹುಟ್ಟಿದ ಗಾಂಧೀಜಿ 1888ರಲ್ಲಿ ಬ್ಯಾರಿಸ್ಟರ್ ಓದಲು ಇಂಗ್ಲೆಂಡಿಗೆ ಹೋದರು. ಹಡಗಿನಿಂದ ಇಳಿಯುವಾಗ ಚೆನ್ನಾಗಿ ಕಾಣಲೆಂದು ಬಿಳಿಯ ಫ್ಲಾನೆಲ್ ಸೂಟು ತೊಟ್ಟಿದ್ದರು. ಅದು ಸೆಪ್ಟೆಂಬರ್ ಕೊನೆ. ಅಂಥ ಬಟ್ಟೆ ತೊಟ್ಟವರು ಅಲ್ಲಿ ಬೇರೆ ಒಬ್ಬರೂ ಇರಲಿಲ್ಲ. ಆ ನಾಚಿಕೆ ಅವರನ್ನು ಬಹಳ ದಿನ ಕಾಡಿತು. ಮುಂದೆ ಸಭ್ಯಗೃಹಸ್ಥ ಎನ್ನಿಸಿಕೊಳ್ಳಬೇಕೆಂದು 19 ಶಿಲಿಂಗಿನ ಉದ್ದನೆಯ ಟೋಪಿ ಕೊಂಡರು. ಬಾಂಡ್ ಸ್ಟ್ರೀಟಿನಲ್ಲಿ 10 ಪೌಂಡು ಕೊಟ್ಟು ಸಂಜೆಯ ಸೂಟು ಹೊಲಿಸಿದರು. ಅಣ್ಣನಿಗೆ ಬರೆದು ಗಡಿಯಾರಕ್ಕೆ ಎರಡೆಳೆಯ ಚಿನ್ನದ ಸರಪಳಿ ತರಿಸಿಕೊಂಡರು. ನೃತ್ಯ ಕಲಿಯಲು 3 ಪೌಂಡು, ಪಿಟೀಲಿಗೆ ಮತ್ತೆ 3 ಪೌಂಡು ಖರ್ಚಾಯಿತು. ದಿನವೂ ಕನ್ನಡಿಯ ಮುಂದೆ ಹತ್ತು ನಿಮಿಷ ನಿಂತು ಟೈ ಕಟ್ಟಿ, ತಲೆ ಬಾಚಿಕೊಳ್ಳುತ್ತಿದ್ದರು.

ಆ ಹುಡುಗ ಅಂಗಡಿಯಲ್ಲಿ ಕೊಳ್ಳಲು ಹೊರಟದ್ದು ಬರೀ ಬಟ್ಟೆಯನ್ನಲ್ಲ, ಮರ್ಯಾದೆಯನ್ನು. ಈ ಹುಚ್ಚು ಸುಮಾರು ಮೂರು ತಿಂಗಳಿಗೇ ಇಳಿಯಿತು. ಅಣ್ಣ ಕಷ್ಟಪಟ್ಟು ಕಳಿಸುವ ಹಣ ನೆನಪಾಗಿ ಕಾಸು ಕಾಸಿಗೂ ಲೆಕ್ಕ ಬರೆಯತೊಡಗಿದರು. ಸಣ್ಣ ಕೋಣೆ ಹಿಡಿದು, ಅಡುಗೆ ತಾವೇ ಮಾಡಿಕೊಂಡು, ಗಾಡಿಯ ಬಾಡಿಗೆ ಉಳಿಸಲು ನಡೆದೇ ಓಡಾಡಿದರು.

ದುಡ್ಡು ಕೊಟ್ಟರೆ ಮರ್ಯಾದೆ ಸಿಗುವುದಿಲ್ಲವೆಂದು ದಕ್ಷಿಣ ಆಫ್ರಿಕಾ ಅವರಿಗೆ ಇನ್ನೂ ಖಾರವಾಗಿ ಕಲಿಸಿತು. 1893ರ ಜೂನ್ 7ರ ರಾತ್ರಿ ಅವರ ಮೈಮೇಲೆ ಬ್ಯಾರಿಸ್ಟರರ ಉಡುಪಿತ್ತು, ಕೈಯಲ್ಲಿ ಮೊದಲ ದರ್ಜೆಯ ಟಿಕೇಟಿತ್ತು. ಆದರೂ ಮೈಬಣ್ಣ ನೋಡಿ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಅವರನ್ನು ರೈಲಿನಿಂದ ಹೊರದಬ್ಬಿದರು. ಮುಂದೆ ಅಲ್ಲಿಯೇ ಅವರು ತಮ್ಮ ಕಾಲರನ್ನು ತಾವೇ ಒಗೆದು ಇಸ್ತ್ರಿ ಮಾಡಲು ಕಲಿತರು. ಮೊದಲ ದಿನ ಕಾಲರಿನಿಂದ ಗಂಜಿ ಉದುರುವುದನ್ನು ಕಂಡು ಜೊತೆಯ ವಕೀಲರು ನಕ್ಕರು. ಈ ಬಾರಿ ಅವರಿಗೆ ನಾಚಿಕೆಯಾಗಲಿಲ್ಲ.

ತಮ್ಮನ್ನು ಬಟ್ಟೆಯಿಂದ ಅಳೆದವರ ನಡುವೆ ಇಷ್ಟು ನೊಂದಿದ್ದರೂ, ಇತರರನ್ನು ಹಾಗೆ ಅಳೆಯದಿರುವುದನ್ನು ಗಾಂಧೀಜಿ ಮೆಲ್ಲಮೆಲ್ಲನೆ ಕಲಿಯಬೇಕಾಯಿತು. 1917ರಲ್ಲಿ ಬಿಹಾರದ ಚಂಪಾರಣ್ಯದ ಭಿತಿಹರ್ವಾ ಬಳಿಯ ಒಂದು ಸಣ್ಣ ಹಳ್ಳಿಯಲ್ಲಿ ಹೆಂಗಸರು ಕೊಳೆಯಾದ ಸೀರೆ ಉಟ್ಟಿದ್ದರು. ಏಕೆ ಒಗೆದುಕೊಳ್ಳುವುದಿಲ್ಲವೆಂದು ಕೇಳಿ ಬರಲು ಅವರು ಕಸ್ತೂರಬಾ ಅವರನ್ನು ಕಳಿಸಿದರು. ಅಲ್ಲಿಯ ಒಬ್ಬ ತಾಯಿ ಕಸ್ತೂರಬಾ ಅವರನ್ನು ತನ್ನ ಗುಡಿಸಲಿನೊಳಗೆ ಕರೆದು ತೋರಿಸಿದಳು. ಪೆಟ್ಟಿಗೆಯಿರಲಿಲ್ಲ, ಬೇರೆ ಬಟ್ಟೆಯೂ ಇರಲಿಲ್ಲ. ಉಟ್ಟ ಸೀರೆಯೊಂದೇ ಅವಳ ಆಸ್ತಿ. ಅದನ್ನು ಒಗೆಯಲು ಹಾಕಿದರೆ ಉಡುವುದೇನನ್ನು?

1921ರ ಜುಲೈ 31ರಂದು ಗಾಂಧೀಜಿ ಮುಂಬಯಿಯ ಪರೇಲಿನಲ್ಲಿ ವಿದೇಶಿ ಬಟ್ಟೆಯ ರಾಶಿಗೆ ಬೆಂಕಿ ಕೊಟ್ಟರು. ಎಲ್ಲರೂ ಖಾದಿ ಕೊಳ್ಳಬೇಕೆಂದು ಊರೂರಿನಲ್ಲಿ ಬೋಧಿಸಿದರು. ಸೆಪ್ಟೆಂಬರಿನಲ್ಲಿ ಮದರಾಸಿನಿಂದ ಮಧುರೆಗೆ ಹೋಗುವಾಗ ರೈಲಿನ ಡಬ್ಬಿಯಲ್ಲಿ ವಿದೇಶಿ ಬಟ್ಟೆ ತೊಟ್ಟವರು ಹಲವರಿದ್ದರು. ಗಾಂಧೀಜಿ ಅವರೊಡನೆ ವಾದಕ್ಕಿಳಿದರು. ಅವರಲ್ಲಿ ಹೆಚ್ಚಿನವರು ಕೊಟ್ಟ ಉತ್ತರ ಒಂದೇ: ಖಾದಿ ದುಬಾರಿ, ನಾವು ಬಡವರು, ಅದನ್ನು ಕೊಳ್ಳಲಾರೆವು.

ಆ ಉತ್ತರ ನಿಜವಾಗಿತ್ತು. ಮಿಲ್ಲಿನ ಬಟ್ಟೆ ಅಗ್ಗ, ಕೈಯಿಂದ ನೂತು ನೇಯ್ದದ್ದು ತುಟ್ಟಿ. ಆಗ ಗಾಂಧೀಜಿ ತಮ್ಮ ಮೈಯನ್ನೇ ನೋಡಿಕೊಂಡರು. ಟೋಪಿ, ಅಂಗಿ, ಉದ್ದನೆಯ ಧೋತರ ಎಲ್ಲವೂ ಇದ್ದವು. ಇಷ್ಟು ಉಟ್ಟವನು ಅಷ್ಟೂ ಇಲ್ಲದವನಿಗೆ ಬುದ್ಧಿ ಹೇಳುವುದು ಸರಿಯೇ ಎಂಬ ಪ್ರಶ್ನೆ ಅವರನ್ನು ಚುಚ್ಚಿತು. ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಅವರು ಟೋಪಿ, ಅಂಗಿ ತೆಗೆದಿಟ್ಟು ತುಂಡು ಬಟ್ಟೆ ಸುತ್ತಿಕೊಂಡರು. ಜೊತೆಯವರೂ ಹಾಗೆಯೇ ಮಾಡಬೇಕೆಂದು ಹಟ ಹಿಡಿಯಲಿಲ್ಲ. ಖಾದಿಯ ಮೇಲಿನ ನಂಬಿಕೆಯನ್ನು ಬಿಡಲಿಲ್ಲ, ಆದರೆ ಅದರ ಭಾರವನ್ನು ಮೊದಲು ತಾವು ಹೊತ್ತರು.

ಇದಾಗಿ ಒಂಬತ್ತು ದಿನಗಳಿಗೆ, ಅಕ್ಟೋಬರ್ 1ರಂದು, ಅವರು ನಮ್ಮ ಬಳ್ಳಾರಿಗೆ ಬಂದರು. ರಾತ್ರಿಯನ್ನು ರೈಲು ನಿಲ್ದಾಣದಲ್ಲೇ ಕಳೆದರು. ಆಗ ಬಳ್ಳಾರಿ ಮದರಾಸು ಪ್ರಾಂತಕ್ಕೆ ಸೇರಿತ್ತು. 1953ರಲ್ಲಿ ಆಂಧ್ರಕ್ಕೆ ಹೋದ ಆದೋನಿಯೂ ಆಗ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ರಾರಾವಿ, ಸಿರುಗುಪ್ಪದ ಕಡೆಯವರಿಗೆ ಇದರ ಅರ್ಥ ಬೇಗ ತಿಳಿಯುತ್ತದೆ. ಒಂದು ಕಡೆ ಹತ್ತಿ ವ್ಯಾಪಾರದ ಆದೋನಿ, ಇನ್ನೊಂದು ಕಡೆ ಇಂದು ಜೀನ್ಸ್ ಹೊಲಿಗೆಗೆ ಹೆಸರಾದ ಬಳ್ಳಾರಿ, ನಡುವೆ ನಮ್ಮ ಊರುಗಳು. ಹತ್ತಿ ಬಿಡಿಸಿದ ಕೈಯೇ ಹಬ್ಬಕ್ಕೊಂದು ಹೊಸ ಬಟ್ಟೆ ಕೊಳ್ಳಲು ಹಿಂದೆಮುಂದೆ ನೋಡಬೇಕಾದ ಕಷ್ಟ ನಮಗೆ ಹೊಸದಲ್ಲ.

ಸರಳತೆಯೂ ದೊಡ್ಡಸ್ತಿಕೆಯ ಗುರುತಾಗಬಹುದೆಂದು ಗಾಂಧೀಜಿಗೆ ತಿಳಿದಿತ್ತು. 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. ಅವರಿಗಾಗಿ ಬಿದಿರು, ಖಾದಿಗಳಿಂದ ಸುಮಾರು 350 ರೂಪಾಯಿ ಖರ್ಚಿನಲ್ಲಿ ಕುಟೀರ ಕಟ್ಟಿದ್ದರು. ಗುಡಿಸಲೆಂದು ಹೇಳಿ ಖಾದಿಯ ಅರಮನೆ ಕಟ್ಟಿದ್ದೀರೆಂದು ಅವರು ಬೇಸರಪಟ್ಟರು.

1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದಾಗ ಲಂಡನ್ನಿನ ಬಡವರ ಬೀದಿಯಲ್ಲಿದ್ದ ಕಿಂಗ್ಸ್ಲಿ ಹಾಲಿನಲ್ಲಿ ಉಳಿದರು. ತಮ್ಮ ಬಹಿಷ್ಕಾರದಿಂದ ಕೆಲಸಕ್ಕೆ ಪೆಟ್ಟು ಬಿದ್ದಿದ್ದ ಲಂಕಾಷೈರಿನ ಮಿಲ್ಲು ಕಾರ್ಮಿಕರನ್ನು ಡಾರ್ವೆನ್ನಿನಲ್ಲಿ ಹುಡುಕಿಕೊಂಡು ಹೋಗಿ ಅವರ ಕಷ್ಟ ಕೇಳಿದರು. ಅವರು ಇವರನ್ನು ಪ್ರೀತಿಯಿಂದಲೇ ಬರಮಾಡಿಕೊಂಡರು. ದೊರೆಯ ಅರಮನೆಗೂ ಅದೇ ತುಂಡು ಬಟ್ಟೆ, ಶಾಲು, ಚಪ್ಪಲಿಯಲ್ಲಿ ಹೋಗಿಬಂದರು.

ಹಿಂತಿರುಗುವಾಗ ಡಿಸೆಂಬರಿನಲ್ಲಿ ರೋಮಿಗೆ ಹೋದರು. ಜಗದ್ಗುರು 11ನೇ ಪಿಯುಸರ ಭೇಟಿ ಅವರಿಗೆ ಸಿಗಲಿಲ್ಲ. ಅವರ ಉಡುಪೇ ಕಾರಣವೆಂಬ ಮಾತು ಅಂದಿನಿಂದಲೂ ಇದೆ. ಭೇಟಿಯಾಗದಿದ್ದರೂ ಅವರು ಸಿಸ್ಟೈನ್ ಪ್ರಾರ್ಥನಾಲಯಕ್ಕೆ ಹೋದರು. ಅಲ್ಲಿ ಶಿಲುಬೆಯ ಮೇಲಿನ ಯೇಸುಸ್ವಾಮಿಯ ಪ್ರತಿಮೆಯ ಮುಂದೆ ನಿಂತಾಗ ಅವರ ಕಣ್ಣು ತುಂಬಿತು. ಆ ಪ್ರತಿಮೆಯ ಮೈಮೇಲೂ ಇದ್ದುದು ಒಂದು ತುಂಡು ಬಟ್ಟೆ ಮಾತ್ರ. 1948ರ ಜನವರಿ 30ರಂದು ಗುಂಡಿಗೆ ಬಲಿಯಾಗುವವರೆಗೂ ಗಾಂಧೀಜಿಯವರ ಉಡುಪು ಬದಲಾಗಲಿಲ್ಲ.

ಪ್ರಿಯ ಓದುಗರೇ, ಚಿನ್ನದುಂಗುರದವನಿಗೆ ಮೇಲಿನ ಆಸನ, ಹರಕು ಬಟ್ಟೆಯವನಿಗೆ ನೆಲ ಎನ್ನುವವರನ್ನು ಸಂತ ಯಕೋಬರು ತಮ್ಮ ಪತ್ರದ ಎರಡನೇ ಅಧ್ಯಾಯದಲ್ಲಿ ಎಚ್ಚರಿಸಿದ್ದಾರೆ. ಇಂದು ನಮ್ಮ ದೇವಾಲಯದಲ್ಲಿ ಯಾರನ್ನೂ ನೆಲದಲ್ಲಿ ಕೂರಿಸುವುದಿಲ್ಲ, ನಿಜ. ಆದರೆ ಸಾದಾ ಬಟ್ಟೆಯ ಮಗುವನ್ನು ಅಯ್ಯೋ ಪಾಪ ಎನ್ನುವ ಕಣ್ಣಿನಿಂದ ನೋಡುತ್ತೇವೆ. ಆ ಕಣ್ಣಿಗೆ ಹೆದರಿ ಮಗುವಿನ ತಾಯಿ ಸಂಘದಲ್ಲಿ ಸಾಲ ತೆಗೆದು ಉಡುಪು ಹೊಲಿಸುತ್ತಾಳೆ. ಹೊಲಿಸಿದಳೆಂದು ನಾವೇ ಆಡಿಕೊಳ್ಳುತ್ತೇವೆ. ಬಿಳಿ ಸೂಟಿನ ಹುಡುಗನಂತೆ ಅವಳೂ ಒಂದು ದಿನದ ಮರ್ಯಾದೆಯನ್ನು ಕೊಂಡಿದ್ದಾಳೆ, ಅಷ್ಟೇ.

ಮಿತವ್ಯಯ ಒಳ್ಳೆಯ ಗುಣವೇ. ಆದರೆ ಅದನ್ನು ಉಳ್ಳವರ ಮನೆಯಿಂದ ಆರಂಭಿಸಬೇಕು. ಮುಂದಿನ ಪ್ರಥಮ ಪರಮಪ್ರಸಾದಕ್ಕೆ ಧರ್ಮಕೇಂದ್ರದ ಅನುಕೂಲವಂತ ಕುಟುಂಬಗಳು ತಮ್ಮ ಮಕ್ಕಳಿಗೆ ಸಾದಾ ಬಿಳಿ ಉಡುಪನ್ನೇ ಹೊಲಿಸಲಿ. ಆಗ ಬಡ ತಾಯಿಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಅವಳು ಸಾಲ ಮಾಡಬೇಕಾದ ಅಗತ್ಯವೂ ಇರುವುದಿಲ್ಲ.