ಹೊರೆ ಹೊತ್ತ ಹೆಗಲು, ಜಪಸರ ಹಿಡಿದ ಕೈ

ಸಂತರು ಎಂದೊಡನೆ ನಿಮ್ಮ ಕಣ್ಣ ಮುಂದೆ ಯಾರು ಬರುತ್ತಾರೆ? ಮಠದಲ್ಲಿ ಧ್ಯಾನಕ್ಕೆ ಕುಳಿತವರು, ದೂರದ ದೇಶಗಳಿಗೆ ಹೋಗಿ ಶುಭಸಂದೇಶ ಸಾರಿದವರು, ವಿಶ್ವಾಸಕ್ಕಾಗಿ ರಕ್ತ ಸುರಿಸಿದವರು. ಮರದ ಡಿಪೋದಲ್ಲಿ ಹಲಗೆ ಹೊತ್ತು, ವಾರದ ಕೊನೆಗೆ ಕೂಲಿ ಎಣಿಸಿಕೊಂಡು, ಕಾರ್ಮಿಕ ಸಂಘದ ಸದಸ್ಯನಾಗಿ ಬಾಳಿದ ಒಬ್ಬ ಕೂಲಿಯಾಳು ನಿಮ್ಮ ನೆನಪಿಗೆ ಬರುವುದು ಕಡಿಮೆ. ಅಂಥ ಒಬ್ಬರನ್ನು ಧರ್ಮಸಭೆ 1975ರ ಅಕ್ಟೋಬರ್ 3ರಂದು ‘ಪೂಜ್ಯ’ರೆಂದು ಸಾರಿದೆ. ಅವರೇ ಐರ್ಲೆಂಡಿನ ಡಬ್ಲಿನ್ ನಗರದ ಮ್ಯಾಟ್ ಟಾಲ್ಬಟ್.

ಕುಡಿತ ಬಿಟ್ಟ ಮಹಾಪುರುಷ ಎಂದೇ ಅವರ ಹೆಸರು ಪ್ರಸಿದ್ಧ. ಆದರೆ ಕುಡಿತ ಬಿಟ್ಟ ಮೇಲೆ ಅವರು ಬಾಳಿದ್ದು ಇನ್ನೂ ನಲವತ್ತೊಂದು ವರ್ಷ. ಆ ವರ್ಷಗಳ ಹಗಲೆಲ್ಲ ಕಳೆದದ್ದು ಕೆಲಸದ ಜಾಗದಲ್ಲಿ, ಸಹಕೆಲಸಗಾರರ ನಡುವೆ. ನಾಳೆ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೊರಡುವ ನೀವು ತಿಳಿಯಬೇಕಾದದ್ದು ಆ ಕಥೆಯನ್ನು.

ಮ್ಯಾಟ್ ಹುಟ್ಟಿದ್ದು 1856ರ ಮೇ 2ರಂದು. ಇಂದು ನಾವು ಕಾರ್ಮಿಕರ ಪಾಲಕ ಸಂತ ಜೋಸೆಫರ ಹಬ್ಬ ಆಚರಿಸುವ ಮೇ 1ರ ಮರುದಿನ. ಹನ್ನೆರಡು ಮಕ್ಕಳಲ್ಲಿ ಅವನು ಎರಡನೆಯವನು. ತಂದೆ ಚಾರ್ಲ್ಸ್ ಡಬ್ಲಿನ್ ಬಂದರಿನಲ್ಲಿ ಕೆಲಸಕ್ಕಿದ್ದರು. ತಾಯಿ ಎಲಿಜಬೆತ್ ಅಷ್ಟು ಮಕ್ಕಳನ್ನು ಸಾಕುತ್ತ ಬಡತನದಲ್ಲಿ ಮನೆ ನಡೆಸಿದ ಭಕ್ತೆ. ಕ್ರೈಸ್ತ ಸಹೋದರರ ಶಾಲೆಗೆ ಹುಡುಗ ಹೋದದ್ದು ಅಷ್ಟಕ್ಕಷ್ಟೆ. ಹನ್ನೆರಡರ ಪ್ರಾಯಕ್ಕೇ ಮದ್ಯದ ವ್ಯಾಪಾರಿಗಳ ಬಳಿ ಸೀಸೆ ತುಂಬುವ ಕೆಲಸಕ್ಕೆ ಸೇರಿದ. ಅಲ್ಲಿ ತಳದಲ್ಲಿ ಉಳಿದದ್ದನ್ನು ಕುಡಿದು ನೋಡುವ ಚಟ ಹತ್ತಿತು. ಅಲ್ಲಿಂದ ಬಿಡಿಸಿ ತಂದೆ ತನ್ನ ಕಣ್ಣೆದುರಿಗೇ ಇರಲೆಂದು ಬಂದರಿನ ಕೆಲಸಕ್ಕೆ ಹಾಕಿಸಿದರೆ, ಅಲ್ಲಿದ್ದದ್ದು ವಿಸ್ಕಿಯ ಉಗ್ರಾಣ! ಬೆಂಕಿಯಿಂದ ಬಾಣಲೆಗೆ ಬಿದ್ದಂತಾಯಿತು.

ಮುಂದೆ ಅವನು ಕಟ್ಟಡದ ಕೆಲಸಕ್ಕೆ ಸೇರಿದ. ಇಟ್ಟಿಗೆ, ಗಾರೆಗಳನ್ನು ಹೆಗಲ ಮೇಲೆ ಹೊತ್ತು ಏಣಿ ಹತ್ತಿ ಗೋಡೆ ಕಟ್ಟುವವರಿಗೆ ಒದಗಿಸುವ ಕೆಲಸ. ಇದು ಎಂಥ ದುಡಿಮೆ ಎಂದು ನಮ್ಮೂರ ಕಟ್ಟಡಗಳಲ್ಲಿ ಬಾಂಡ್ಲಿ ಹೊರುವವರನ್ನು ನೋಡಿದ ನಿಮಗೆ ಹೇಳಬೇಕಾಗಿಲ್ಲ. ಈ ಕೆಲಸದಲ್ಲಿ ಡಬ್ಲಿನ್ನಿನಲ್ಲೇ ಅವನನ್ನು ಮೀರಿಸುವವರಿಲ್ಲ ಎಂಬ ಹೆಸರಿತ್ತು. ಉಳಿದವರು ಅವನ ವೇಗಕ್ಕೆ ಹೆಜ್ಜೆ ಹಾಕಲೆಂದು ಮೇಸ್ತ್ರಿ ಅವನನ್ನೇ ಸಾಲಿನ ಮುಂದೆ ನಿಲ್ಲಿಸುತ್ತಿದ್ದನಂತೆ.

ಇಲ್ಲಿ ಒಂದು ಮಾತನ್ನು ನೀವು ಗಮನಿಸಬೇಕು. ಆಗ ಅವನು ಮಹಾ ಕುಡುಕ. ಕೈತುಂಬ ದುಡಿದರೂ ಸಂಬಳವೆಲ್ಲ ಹೆಂಡದಂಗಡಿಗೆ. ದುಡ್ಡು ಮುಗಿದರೆ ಕಾಲಿನ ಬೂಟುಗಳನ್ನೂ ಮಾರಿ ಕುಡಿದದ್ದುಂಟು. ಒಮ್ಮೆ ಬೀದಿಯಲ್ಲಿ ಪಿಟೀಲು ನುಡಿಸಿ ಹೊಟ್ಟೆ ಹೊರೆಯುತ್ತಿದ್ದ ಬಡವನೊಬ್ಬನ ಪಿಟೀಲನ್ನೇ ಕದ್ದು ಮಾರಿ ಗೆಳೆಯರೊಡನೆ ಕುಡಿದುಬಿಟ್ಟ. ಕಷ್ಟಪಟ್ಟು ದುಡಿಯುವವನೆಲ್ಲ ಒಳ್ಳೆಯವನೇ ಆಗಿರಬೇಕೆಂದಿಲ್ಲ. ಮೈ ಬಗ್ಗಿಸಿ ದುಡಿದ ಕೂಲಿ ಮನೆಗೆ ಬಾರದಿದ್ದರೆ ಆ ಬೆವರಿಗೆ ಏನು ಬೆಲೆ?

ತಿರುವು ಬಂದದ್ದು 1884ರಲ್ಲಿ, ಅವನಿಗೆ ಇಪ್ಪತ್ತೆಂಟು ವಯಸ್ಸಾಗಿದ್ದಾಗ. ಒಂದು ವಾರ ಕೆಲಸಕ್ಕೆ ಹೋಗಿರಲಿಲ್ಲ; ಕೈಯಲ್ಲಿ ಕಾಸಿರಲಿಲ್ಲ. ಶನಿವಾರ ಕೂಲಿ ಪಡೆದ ಜೊತೆಗಾರರು ಬರುವ ದಾರಿಯಲ್ಲಿ, ಹೆಂಡದಂಗಡಿಯ ಬಳಿ ಕಾದು ನಿಂತ. ತನ್ನ ದುಡ್ಡಿನಲ್ಲಿ ಅವರಿಗೆಷ್ಟೋ ಸಲ ಕುಡಿಸಿದ್ದವನು. ಇವತ್ತು ಅವರು ಕರೆಯದೆ ಇರುತ್ತಾರೆಯೇ ಎಂಬ ನಂಬಿಕೆ. ಅವರು ಬಂದರು, ಒಳಗೆ ಹೋದರು. ಒಬ್ಬನೂ ಕರೆಯಲಿಲ್ಲ. ಆ ನೋವಿನಲ್ಲೇ ಮನೆಗೆ ನಡೆದು, ಕುಡಿತ ಬಿಡುವ ಪ್ರತಿಜ್ಞೆ ಮಾಡುತ್ತೇನೆಂದು ತಾಯಿಗೆ ತಿಳಿಸಿದ. ಪಾಲಿಸುವ ಮನಸ್ಸಿದ್ದರೆ ಮಾತ್ರ ಮಾಡು ಎಂದು ತಾಯಿ ಎಚ್ಚರಿಸಿ, ದೇವರು ಬಲ ಕೊಡಲೆಂದು ಹರಸಿ ಕಳಿಸಿದರು. ಅಂದೇ ಕ್ಲೋನ್‌ಲಿಫ್ ಗುರುಮಠಕ್ಕೆ ಹೋಗಿ ಮೂರು ತಿಂಗಳ ಪ್ರತಿಜ್ಞೆ ಮಾಡಿ ಪಾಪನಿವೇದನೆ ಮಾಡಿದ. ಮೂರು ತಿಂಗಳು ಆರಾಯಿತು, ಆರು ತಿಂಗಳು ಜೀವಮಾನದ ಪ್ರತಿಜ್ಞೆಯಾಯಿತು.

ಆ ಮೊದಲ ತಿಂಗಳುಗಳು ಸುಲಭವಾಗಿರಲಿಲ್ಲ. ಸಂಜೆ ಕೆಲಸ ಬಿಟ್ಟಾಗ ಕಾಲು ಹಳೆಯ ದಾರಿ ಹಿಡಿಯದಂತೆ ನೇರ ದೇವಾಲಯಕ್ಕೆ ಹೋಗಿ ಕೂರುತ್ತಿದ್ದರು. ಆಸೆಗೆ ಬೀಳದಿರಲೆಂದು ಜೇಬಿನಲ್ಲಿ ದುಡ್ಡು ಇಟ್ಟುಕೊಳ್ಳುವುದನ್ನೇ ಬಿಟ್ಟರು. ಅಂಗಿಯ ತೋಳಿನ ಮೇಲೆ ಎರಡು ಗುಂಡುಪಿನ್ನುಗಳನ್ನು ಶಿಲುಬೆಯಾಕಾರದಲ್ಲಿ ಚುಚ್ಚಿಕೊಂಡರು. ಕಣ್ಣು ಅದರ ಮೇಲೆ ಬಿದ್ದಾಗಲೆಲ್ಲ ಪ್ರತಿಜ್ಞೆ ನೆನಪಾಗಬೇಕು. ಹಳೆಯ ಸಾಲಗಳನ್ನು ಒಂದೊಂದಾಗಿ ತೀರಿಸಿದರು. ಪಿಟೀಲಿನವನಿಗಾಗಿ ಊರೆಲ್ಲ ಹುಡುಕಿ, ಅವನು ಸಿಗದೆ ಹೋದಾಗ ಆ ಹಣವನ್ನು ಅವನ ಆತ್ಮಕ್ಕಾಗಿ ಬಲಿಪೂಜೆಗಳಿಗೆ ಕೊಟ್ಟರು. 1890ರಲ್ಲಿ ಫ್ರಾನ್ಸಿಸ್ಕನ್ ತೃತೀಯ ಸಭೆಗೆ ಸೇರಿದರು.

ನಿತ್ಯದ ಬಲಿಪೂಜೆ ಅವರ ಬಾಳಿನ ಉಸಿರಾಯಿತು. ಗಾರ್ಡಿನರ್ ಬೀದಿಯ ಯೇಸುಸಭೆಯವರ ದೇವಾಲಯದಲ್ಲಿ ಬೆಳಿಗ್ಗೆ ಐದು ಗಂಟೆಯ ಪೂಜೆ ಮುಗಿಸಿ ಆರು ಗಂಟೆಗೆ ಕಟ್ಟಡದ ಕೆಲಸಕ್ಕೆ ಹಾಜರಾಗುತ್ತಿದ್ದರು. ಮುಂದೆ ಆ ಪೂಜೆಯ ವೇಳೆ ಆರೂಕಾಲಕ್ಕೆ ಬದಲಾಯಿತು. ಮ್ಯಾಟ್ ಏನು ಮಾಡಿದರು ಗೊತ್ತೇ? ಪೂಜೆ ಬಿಡಲಿಲ್ಲ, ತಡವಾಗಿ ಹೋಗಿ ಮೇಸ್ತ್ರಿಯ ಕಣ್ಣು ತಪ್ಪಿಸಲೂ ಇಲ್ಲ. ಎಂಟು ಗಂಟೆಗೆ ಕೆಲಸ ಶುರುವಾಗುವ ಬೇರೆ ಕಡೆ ಕೆಲಸ ಹುಡುಕಿಕೊಂಡರು. ಅದೇ ಬಂದರಿನ ಬಳಿಯ ಟಿ. ಅಂಡ್ ಸಿ. ಮಾರ್ಟಿನ್ ಅವರ ಮರದ ಡಿಪೋ. ಉಳಿದ ಜೀವಮಾನವೆಲ್ಲ ಅವರು ಅಲ್ಲಿಯ ಕೂಲಿ. ದೇವರ ವೇಳೆಯನ್ನೂ ಕದಿಯಬಾರದು, ಧಣಿಯ ವೇಳೆಯನ್ನೂ ಕದಿಯಬಾರದು ಎಂಬ ಲೆಕ್ಕ ಅದು.

ಡಿಪೋದಲ್ಲಿ ಅವರ ನಡತೆ ಹೇಗಿತ್ತು? ಅವರ ಪಾವನತೆಯ ವಿಚಾರಣೆ 1931ರಲ್ಲಿ ಆರಂಭವಾದಾಗ ಧರ್ಮಸಭೆಯ ಮುಂದೆ ಸಾಕ್ಷಿ ಹೇಳಿದವರಲ್ಲಿ ಅವರೊಡನೆ ದುಡಿದವರೂ ಇದ್ದರು. ಒಬ್ಬ ಮನುಷ್ಯನ ಭಕ್ತಿಯನ್ನು ಅಳೆಯಲು ಇದಕ್ಕಿಂತ ಕಠಿಣವಾದ ಪರೀಕ್ಷೆ ಬೇರೆ ಯಾವುದಿದೆ? ಭಾನುವಾರ ಪೂಜೆಯಲ್ಲಿ ನಮ್ಮ ಪಕ್ಕ ಮೊಣಕಾಲೂರಿದವರಿಗೆ ನಾವು ಒಳ್ಳೆಯವರಾಗಿ ಕಾಣಬಹುದು. ಹಲಗೆಯ ಇನ್ನೊಂದು ತುದಿಯನ್ನು ಹೊತ್ತವನಿಗೆ ನಿಜ ಗೊತ್ತಿರುತ್ತದೆ. ನಾವು ಭಾರ ತಪ್ಪಿಸಿಕೊಂಡರೆ ಅದು ಅವನ ಹೆಗಲಿಗೇ ಬೀಳುತ್ತದಲ್ಲವೇ?

ಮ್ಯಾಟ್ ತನ್ನ ಪಾಲಿನ ಭಾರವನ್ನು ಇನ್ನೊಬ್ಬರ ಮೇಲೆ ಹಾಕುವವರಲ್ಲ. ಊಟದ ವೇಳೆಯಲ್ಲಿ ಅಲ್ಪ ಆಹಾರ ಮುಗಿಸಿ, ಮರದ ರಾಶಿಗಳ ಮರೆಯಲ್ಲಿ ಮೊಣಕಾಲೂರುತ್ತಿದ್ದರು. ಕೆಲಸದ ವೇಳೆ ಬಂತೆಂದರೆ ಮತ್ತೆ ಕೆಲಸ. ಪ್ರಾರ್ಥನೆಯ ನೆಪದಲ್ಲಿ ಕೆಲಸ ತಪ್ಪಿಸಿದವರು ಎಂಬ ಮಾತು ಅವರ ಮೇಲೆ ಬರಲಿಲ್ಲ. ಜೊತೆಗಾರರು ಯೇಸುವಿನ ನಾಮವನ್ನು ಬೈಗುಳವಾಗಿ ಬಳಸಿದರೆ ಅವರು ಜಗಳಕ್ಕೆ ನಿಲ್ಲುತ್ತಿರಲಿಲ್ಲ. ಮೌನವಾಗಿ ಟೋಪಿಯನ್ನು ಮೇಲೆತ್ತಿ ಆ ನಾಮಕ್ಕೆ ಗೌರವ ಸಲ್ಲಿಸುತ್ತಿದ್ದರು. ಮೊದಮೊದಲು ಕೆಲವರು ನಕ್ಕರು, ಬೇಕೆಂದೇ ಕೆಣಕಿದರು. ಬರಬರುತ್ತ ಅವರ ಎದುರಿನಲ್ಲಿ ನಾಲಿಗೆ ಬಿಗಿಹಿಡಿಯುವುದನ್ನು ಕಲಿತರು. ಹಾಗೆಂದು ಅವರು ಮುಖ ಗಂಟಿಕ್ಕಿಕೊಂಡ ವಿರಾಗಿಯೂ ಅಲ್ಲ. ಹಾಸ್ಯಕ್ಕೆ ನಗುತ್ತಿದ್ದರು, ಹೊಲಸು ಮಾತು ಮಾತ್ರ ಅವರಿಗೆ ಆಗುತ್ತಿರಲಿಲ್ಲ. ಕಷ್ಟದಲ್ಲಿದ್ದ ಜೊತೆಗಾರರಿಗೆ ಸದ್ದಿಲ್ಲದೆ ಹಣ ಕೊಡುತ್ತಿದ್ದರು.

ಕೋಪ ಅವರ ಹುಟ್ಟುಗುಣ. ಒಮ್ಮೆ ಮೇಲಿನವರೊಬ್ಬರಿಗೆ ಒರಟಾಗಿ ಉತ್ತರಿಸಿ, ಆಮೇಲೆ ತಾವೇ ಹೋಗಿ ಕ್ಷಮೆ ಕೇಳಿದರೆಂದು ಅವರ ಚರಿತ್ರೆಕಾರರು ಬರೆದಿದ್ದಾರೆ. ಮೇಲಿನವರಿಗೆ ಹೆದರಿ ಬಾಲ ಮಡಚುವುದು ಬೇರೆ, ತಪ್ಪನ್ನು ಒಪ್ಪಿ ತಲೆ ಬಾಗುವುದು ಬೇರೆ. ಮ್ಯಾಟ್ ಎರಡನೆಯ ಜಾತಿಯವರು.

ಈಗ 1913ರ ಮಾತಿಗೆ ಬರೋಣ. ಡಬ್ಲಿನ್ನಿನ ಬಡ ಕೂಲಿಗಳು ಒಂದೊಂದು ಕೋಣೆಯಲ್ಲಿ ಇಡೀ ಸಂಸಾರ ಕಟ್ಟಿಕೊಂಡು, ಪಾಳುಬಿದ್ದ ದೊಡ್ಡ ಮನೆಗಳಲ್ಲಿ ಬಾಳುತ್ತಿದ್ದ ಕಾಲ. ಜೇಮ್ಸ್ ಲಾರ್ಕಿನ್ ಎಂಬ ನಾಯಕ 1909ರಲ್ಲಿ ಕಟ್ಟಿದ ಸಾರಿಗೆ ಮತ್ತು ಸಾಮಾನ್ಯ ಕಾರ್ಮಿಕರ ಸಂಘಕ್ಕೆ ಸಾವಿರಾರು ಮಂದಿ ಸೇರಿದ್ದರು. ಮ್ಯಾಟ್ ಕೂಡ ಅದರ ಸದಸ್ಯರು. ಟ್ರಾಮ್ ಕಂಪನಿಯ ಧಣಿ ವಿಲಿಯಂ ಮಾರ್ಟಿನ್ ಮರ್ಫಿ ಈ ಸಂಘವನ್ನು ಮುರಿಯಲು ಪಣತೊಟ್ಟರು. ಆಗಸ್ಟ್ 26ರಂದು ಟ್ರಾಮ್ ಕೆಲಸಗಾರರು ಮುಷ್ಕರ ಹೂಡಿದರು. ನಗರದ ನೂರಾರು ಮಾಲೀಕರು ಒಂದಾಗಿ, ಸಂಘ ಬಿಡುವೆವೆಂದು ಸಹಿ ಹಾಕದವರಿಗೆ ಕೆಲಸವಿಲ್ಲವೆಂದು ಬಾಗಿಲು ಮುಚ್ಚಿದರು. ಸುಮಾರು 20,000 ಕಾರ್ಮಿಕರು ಬೀದಿಗೆ ಬಿದ್ದರು. ಹಸಿವು 1914ರ ಆರಂಭದವರೆಗೂ ನಗರವನ್ನು ಕಾಡಿತು.

ಆಗ ಭಕ್ತನಾದವನು ಎಲ್ಲಿ ನಿಲ್ಲಬೇಕು? ಪ್ರಶ್ನೆ ಸುಲಭದ್ದಲ್ಲ. ಜಗದ್ಗುರು ಹದಿಮೂರನೇ ಲಿಯೋ ಅವರು 1891ರಲ್ಲೇ ತಮ್ಮ ವಿಶ್ವಪತ್ರದಲ್ಲಿ, ಸಂಘ ಕಟ್ಟಿಕೊಳ್ಳುವುದು ಕಾರ್ಮಿಕರ ಹಕ್ಕು, ಸಂಸಾರ ಸಾಗುವಷ್ಟು ಕೂಲಿ ಕೊಡುವುದು ನ್ಯಾಯ ಎಂದು ಬೋಧಿಸಿದ್ದರು. ಒಪ್ಪಿದ ಕೆಲಸವನ್ನು ನಿಷ್ಠೆಯಿಂದ ಮಾಡುವುದು ಕಾರ್ಮಿಕನ ಕರ್ತವ್ಯವೆಂದೂ ನೆನಪಿಸಿದ್ದರು. ಆದರೆ ಡಬ್ಲಿನ್ನಿನ ಗುರುಗಳಲ್ಲಿ ಅನೇಕರಿಗೆ ಲಾರ್ಕಿನ್ನರ ಸಮಾಜವಾದದ ಬಗ್ಗೆ ಭಯವಿತ್ತು. ಹಸಿದ ಮಕ್ಕಳನ್ನು ಇಂಗ್ಲೆಂಡಿನ ಮನೆಗಳಿಗೆ ಕಳಿಸುವ ಯೋಜನೆಯನ್ನು ಮಹಾಧರ್ಮಾಧ್ಯಕ್ಷ ವಾಲ್ಶ್ ಅವರು, ಮಕ್ಕಳ ವಿಶ್ವಾಸಕ್ಕೆ ಧಕ್ಕೆಯಾದೀತೆಂದು, ಬಹಿರಂಗವಾಗಿ ವಿರೋಧಿಸಿದರು.

ಮ್ಯಾಟ್ ಜೊತೆಗಾರರನ್ನು ಬಿಟ್ಟು ಬರಲಿಲ್ಲ. ಅವರೊಡನೆ ಕೆಲಸದಿಂದ ಹೊರಗೇ ಉಳಿದರು. ಆದರೆ ಬಾಗಿಲ ಬಳಿ ಕಾವಲು ನಿಲ್ಲುವುದಕ್ಕೂ ಗದ್ದಲಕ್ಕೂ ಹೋಗಲಿಲ್ಲ. ಸಂಘವು ಸದಸ್ಯರಿಗೆ ಮುಷ್ಕರದ ಭತ್ಯೆ ಹಂಚಿತು. ಅದನ್ನು ತಾನು ದುಡಿದು ಗಳಿಸಿಲ್ಲವೆಂದು ಅವರು ಮೊದಲು ಬೇಡವೆಂದರು. ಆಮೇಲೆ ತೆಗೆದುಕೊಂಡರೂ ಅದನ್ನು ಹೆಂಡತಿ ಮಕ್ಕಳಿದ್ದ ಜೊತೆಗಾರರಿಗೆ ಕೊಟ್ಟುಬಿಟ್ಟರು. ಅವರು ಒಂಟಿಜೀವಿ, ವಯಸ್ಸಾದ ತಾಯಿಯೊಡನೆ ಬಾಳುತ್ತಿದ್ದವರು. ಗಂಜಿ ನೀರಿನಲ್ಲೂ ದಿನ ದೂಡಬಲ್ಲವರು. ಮಕ್ಕಳಿರುವ ಮನೆಯಲ್ಲಿ ಅದು ಸಾಧ್ಯವಿಲ್ಲವೆಂದು ಅವರಿಗೆ ತಿಳಿದಿತ್ತು.

ಅವರನ್ನು ಟೀಕಿಸಿದವರೂ ಇದ್ದಾರೆ. ಬಡವರ ಹೋರಾಟ ನಡೆದಾಗ ಈ ಮನುಷ್ಯ ದೇವಾಲಯದಲ್ಲಿ ಕುಳಿತಿದ್ದ, ಇಂಥ ಸಾಧು ಕೂಲಿ ಧಣಿಗಳಿಗೆ ಅನುಕೂಲ ಎಂದವರುಂಟು. ಈ ಮಾತನ್ನು ನಾವು ತಳ್ಳಿಹಾಕಬೇಕಾಗಿಲ್ಲ. ಘೋಷಣೆ ಕೂಗುವವರೂ ಬೇಕು, ಮಾತುಕತೆಗೆ ಕೂರುವವರೂ ಬೇಕು. ನ್ಯಾಯಕ್ಕಾಗಿ ಹೋರಾಡುವುದು ಸಹ ಕ್ರೈಸ್ತನ ಕರೆಯೇ. ಆದರೆ ಕೇಳಿಕೊಳ್ಳೋಣ: ಸಂಘದಿಂದ ನನಗೇನು ಸಿಗುತ್ತದೆ ಎಂದು ಕೇಳುವವರು ಬಹಳ, ನನಗೆ ಸಿಕ್ಕಿದ್ದು ನನಗಿಂತ ಹಸಿದವನಿಗೆ ಹೋಗಲಿ ಎನ್ನುವವರು ಎಷ್ಟು ಮಂದಿ? ಒಗ್ಗಟ್ಟು ಎಂಬ ಮಾತಿನ ತಿರುಳನ್ನು ಅವರು ಬದುಕಿ ತೋರಿಸಿದರು.

1915ರಲ್ಲಿ ತಾಯಿ ತೀರಿಕೊಂಡ ಮೇಲೆ ಒಂದು ಕೋಣೆಯಲ್ಲಿ ಒಬ್ಬರೇ ಉಳಿದರು. ಹಲಗೆಯೇ ಹಾಸಿಗೆ, ಮರದ ತುಂಡೇ ದಿಂಬು. ನಡುರಾತ್ರಿ ಕಳೆದು ಎರಡು ಗಂಟೆಗೇ ಎದ್ದು ಪ್ರಾರ್ಥಿಸುತ್ತಿದ್ದರು. ಕಷ್ಟಪಟ್ಟು ಓದಲು ಕಲಿತು ಸಂತರ ಚರಿತ್ರೆಗಳನ್ನು ಓದುತ್ತಿದ್ದರು. ಚೀನಾದ ಧರ್ಮಪ್ರಚಾರಕ್ಕೂ ಬಡವರಿಗೂ ಸಂಬಳದ ಬಹುಪಾಲು ಹೋಗುತ್ತಿತ್ತು. 1923ರಲ್ಲಿ ಹೃದಯ ಮತ್ತು ಮೂತ್ರಪಿಂಡದ ಕಾಯಿಲೆಯಿಂದ ಆಸ್ಪತ್ರೆ ಸೇರಿದರು, ಬಹುಕಾಲ ದುಡಿಯಲಾಗಲಿಲ್ಲ. ಸ್ವಲ್ಪ ಚೇತರಿಸಿಕೊಂಡ ಕೂಡಲೆ ಮತ್ತೆ ಡಿಪೋಗೆ ಹೋದರು.

1925ರ ಜೂನ್ 7, ಪರಮ ತ್ರಿತ್ವದ ಹಬ್ಬದ ಭಾನುವಾರ. ಪೂಜೆಗೆಂದು ನಡೆದು ಹೋಗುತ್ತಿದ್ದಾಗ ಗ್ರ್ಯಾನ್‌ಬಿ ಲೇನ್ ಎಂಬ ಓಣಿಯಲ್ಲಿ ಕುಸಿದು ಬಿದ್ದು ಪ್ರಾಣಬಿಟ್ಟರು. ಅವರು ಯಾರೆಂದು ಸುತ್ತ ಸೇರಿದವರಿಗೆ ತಿಳಿದಿರಲಿಲ್ಲ. ಆಸ್ಪತ್ರೆಯಲ್ಲಿ ಬಟ್ಟೆ ಕಳಚಿದಾಗ ಮೈಮೇಲೆ ಸರಪಣಿಗಳು ಕಂಡವು. ಮಾತೆ ಮರಿಯಳಿಗೆ ತಾನು ದಾಸನೆಂಬ ಗುರುತಾಗಿ ಅವರು ಧರಿಸಿದ್ದ ಪ್ರಾಯಶ್ಚಿತ್ತದ ಸರಪಣಿಗಳವು. ಇಂಥ ಕಠೋರ ತಪಸ್ಸನ್ನು ಧರ್ಮಸಭೆ ನಿಮ್ಮಿಂದಾಗಲಿ ನನ್ನಿಂದಾಗಲಿ ಕೇಳುವುದಿಲ್ಲ. ಹಾಗೆ ಮಾಡಹೋಗುವುದು ವಿವೇಕವೂ ಅಲ್ಲ. ನಲವತ್ತು ವರ್ಷ ಜೊತೆಗಾರರ ಕಣ್ಣಿಗೆ ಅವರು ಕಂಡದ್ದು ಸರಪಣಿಯಿಂದಲ್ಲ, ನಡತೆಯಿಂದ.

ಇಂದು ಅವರ ಅವಶೇಷಗಳು ಡಬ್ಲಿನ್ನಿನ ಲೂರ್ದು ಮಾತೆಯ ದೇವಾಲಯದಲ್ಲಿವೆ. 1972ರಲ್ಲಿ ಅಲ್ಲಿಗೆ ತರಲಾಯಿತು. ಲಿಫಿ ನದಿಯ ಮೇಲೆ 1978ರಲ್ಲಿ ತೆರೆದ ಸೇತುವೆಗೂ ಅವರದೇ ಹೆಸರು. ಬದುಕಿದ್ದಾಗ ಹೊರೆ ಹೊತ್ತು ನಡೆದ ಬಂದರಿನ ಬಳಿಯೇ ಅದು ನಿಂತಿದೆ.

ಪ್ರಿಯ ಓದುಗರೇ, ನೀವು ಕಾರ್ಖಾನೆಯಲ್ಲಿರಲಿ, ತೋಟದಲ್ಲಿರಲಿ, ಬಂದರಿನಲ್ಲಿರಲಿ, ಕಚೇರಿಯಲ್ಲಿರಲಿ, ನಾಳೆ ನಿಮ್ಮ ಪಕ್ಕದಲ್ಲೊಬ್ಬ ಸಹಕೆಲಸಗಾರ ಇರುತ್ತಾನೆ. ಅವನು ನಿಮ್ಮ ಪಾಲಿನ ಭಾರವನ್ನು ಹೊರಬೇಕಾಗಿ ಬಂದಿದೆಯೇ? ಅವನ ಮನೆಯಲ್ಲಿ ಒಲೆ ಉರಿಯುತ್ತಿದೆಯೇ ಎಂದು ಎಂದಾದರೂ ಕೇಳಿದ್ದೀರಾ? ಸಂಬಳದ ದಿನ ಅವನು ಅಂಗಡಿಯ ಕಡೆ ತಿರುಗಿದರೆ, ಅವನನ್ನು ಮನೆಯ ದಾರಿಗೆ ಕರೆದೊಯ್ಯುವ ಜೊತೆಗಾರ ನೀವಾಗಬಲ್ಲಿರಾ? ಇಂದಿನ ಕುಟುಂಬ ಪ್ರಾರ್ಥನೆಯಲ್ಲಿ ಜಪಸರ ಹಿಡಿದಾಗ, ಜೊತೆಯಲ್ಲಿ ದುಡಿಯುವ ಒಬ್ಬರ ಹೆಸರು ಹೇಳಿ ಅವರಿಗಾಗಿ ಒಂದು ರಹಸ್ಯವನ್ನು ಅರ್ಪಿಸಿ. ನಜರೇತಿನ ಬಡಗಿಯ ಮನೆಯಲ್ಲಿ ಮೂವತ್ತು ವರ್ಷ ಬಾಳಿದ ಪ್ರಭು ಆ ಪ್ರಾರ್ಥನೆಯನ್ನು ಖಂಡಿತ ಆಲಿಸುವರು.